ಪಿನ್ನು ಬಿಟ್ಟ ಗುರುತು



ನಿಮ್ಮಲ್ಲಿ ಕೆಲವರಾದರೂ ಕಾಲೇಜಿನಲ್ಲಿ ಎನ್.ಸಿ.ಸಿ. ಸೇರಿ, ಶಿಬಿರದಲ್ಲಿ .22 ರೈಫಲ್ಲಿನಿಂದ ಗುಂಡು ಹಾರಿಸಿರುತ್ತೀರಿ. ಗುರಿ ತಾಗಿತೋ ಇಲ್ಲವೋ, ಕೊನೆಗೆ ಖಾಲಿ ಕಾಡತೂಸುಗಳನ್ನು ಎಣಿಸಿ ಒಪ್ಪಿಸಿಯೇ ಬರಬೇಕು. ಆ ಪುಟ್ಟ ಚಿಪ್ಪಿನ ತಳವನ್ನು ಎಂದಾದರೂ ತಿರುಗಿಸಿ ನೋಡಿದ್ದೀರಾ? ಅಂಚಿನಲ್ಲಿ ಒಂದು ಸಣ್ಣ ತಗ್ಗು ಇರುತ್ತದೆ. ದೊಡ್ಡ ರೈಫಲ್ಲುಗಳ ಕಾಡತೂಸಿನಲ್ಲಾದರೆ ಈ ತಗ್ಗು ತಳದ ನಟ್ಟನಡುವೆ ಬೀಳುತ್ತದೆ. ಅದು ಫೈರಿಂಗ್ ಪಿನ್ ಬಿಟ್ಟ ಗುರುತು. ಸಾಸಿವೆ ಕಾಳು ಕೂರುವಷ್ಟು ಜಾಗದ ಈ ಗುರುತು ಬಂದೂಕಿನ ಆರೋಗ್ಯವನ್ನು ಹೇಳಬಲ್ಲದು, ಕೊಲೆಯ ಜಾಡನ್ನೂ ಹೇಳಬಲ್ಲದು. ಅದನ್ನು ಓದಲು ಮಾತ್ರ ತಾಳ್ಮೆ ಬೇಕು.

ಮೊದಲು ಆಗುವುದೇನು ನೋಡೋಣ. ಟ್ರಿಗರ್ ಎಳೆದ ಕೂಡಲೇ ಸ್ಪ್ರಿಂಗಿನ ಬಲದಿಂದ ಉಕ್ಕಿನ ಪಿನ್ನು ಮುಂದಕ್ಕೆ ಚಿಮ್ಮಿ, ಕಾಡತೂಸಿನ ತಳದಲ್ಲಿರುವ ಪ್ರೈಮರ್ ಎಂಬ ಮೆದು ಲೋಹದ ಪುಟ್ಟ ಬಟ್ಟಲಿಗೆ ಬಡಿಯುತ್ತದೆ. ಅದರೊಳಗಿನ ರಾಸಾಯನಿಕ ಜಜ್ಜಿ ಕಿಡಿ ಹಾರುತ್ತದೆ, ಮದ್ದು ಹೊತ್ತಿಕೊಳ್ಳುತ್ತದೆ, ಗುಂಡು ನಳಿಗೆಯಿಂದ ಹೊರಬೀಳುತ್ತದೆ. ಅದೇ ಕ್ಷಣದಲ್ಲಿ ಅನಿಲದ ಒತ್ತಡ ಹಿಂದಕ್ಕೂ ತಳ್ಳುವುದರಿಂದ, ಪ್ರೈಮರ್ ಪಿನ್ನಿನ ಮೂತಿಗೂ ಅದರ ಸುತ್ತಲಿನ ಉಕ್ಕಿನ ಗೋಡೆಗೂ ಬಲವಾಗಿ ಒತ್ತಿಕೊಳ್ಳುತ್ತದೆ. ಅರಗಿನ ಮೇಲೆ ಮುದ್ರೆ ಒತ್ತಿದ ಹಾಗೆ. ಪಿನ್ನನ್ನು ಕಡೆದು ಅರ ಹಾಕಿದಾಗ ಉಳಿದ ಸೂಕ್ಷ್ಮ ಗೀರುಗಳು ಆ ಮುದ್ರೆಯಲ್ಲಿ ಮೂಡುತ್ತವೆ.

ಹಾಗಾದರೆ ಒಂದೇ ರೈಫಲ್ಲಿನಿಂದ ಹತ್ತು ಕಾಡತೂಸು ಹಾರಿಸಿದರೆ ಹತ್ತೂ ಗುರುತು ಒಂದೇ ತರಹ ಇರಬೇಕಲ್ಲವೇ? ಇರುವುದಿಲ್ಲ. ಅಮೆರಿಕದಲ್ಲಿ ಅನೇಕ ಗುರಿಕಾರರು ಖಾಲಿ ಚಿಪ್ಪಿಗೆ ಹೊಸ ಪ್ರೈಮರ್, ಮದ್ದು, ಗುಂಡು ಕೂರಿಸಿ ತಾವೇ ಕಾಡತೂಸು ತುಂಬಿಕೊಳ್ಳುತ್ತಾರೆ. ಅವರಿಗೆ ಇದು ಹಳೆಯ ತಲೆನೋವು. ಒಂದರ ಮೇಲೆ ಆಳವಾದ ತಗ್ಗು, ಇನ್ನೊಂದರ ಮೇಲೆ ಉಗುರಿನಿಂದ ಒತ್ತಿದಷ್ಟೇ ಗುರುತು, ಮೂರನೆಯದು ಹಾರುವುದೇ ಇಲ್ಲ! ತಕ್ಷಣ ಸ್ಪ್ರಿಂಗಿನ ಮೇಲೆ ತಪ್ಪು ಹೊರಿಸಿಬಿಡುವುದು ಸುಲಭ.

ಸ್ಪ್ರಿಂಗ್ ಸೋತಿರಬಹುದು, ನಿಜ. ಪಿನ್ನಿನ ದಾರಿಯಲ್ಲಿ ಹಳೆಯ ಗ್ರೀಸು ಗಟ್ಟಿಯಾಗಿ ಹೊಡೆತ ಮೆತ್ತಗಾಗಿರಬಹುದು. ಆದರೆ ತಪ್ಪು ಕಾಡತೂಸಿನದೂ ಆಗಿರಬಹುದು. ಪ್ರೈಮರನ್ನು ಅದರ ಗೂಡಿನ ತಳ ಮುಟ್ಟುವಂತೆ ಕೂರಿಸದಿದ್ದರೆ, ಪಿನ್ನಿನ ಮೊದಲ ಹೊಡೆತ ಅದನ್ನು ಒಳಗೆ ತಳ್ಳುವುದರಲ್ಲೇ ಮುಗಿದುಹೋಗುತ್ತದೆ. ಹಳೆಯ ಚಿಪ್ಪನ್ನು ಮತ್ತೆ ಅಳತೆಗೆ ತರುವಾಗ ಅದರ ಭುಜವನ್ನು ಅತಿಯಾಗಿ ಹಿಂದಕ್ಕೆ ಒತ್ತಿದ್ದರೆ, ಕಾಡತೂಸು ಬಂದೂಕಿನೊಳಗೆ ಮುಂದಕ್ಕೆ ಜಾರಿ ಪಿನ್ನಿಗೆ ದೂರವಾಗುತ್ತದೆ. ಕಂಪನಿಯಿಂದ ಕಂಪನಿಗೆ ಪ್ರೈಮರಿನ ಗಡಸುತನವೂ ಬೇರೆ. ಇನ್ನೊಂದು ಸ್ವಾರಸ್ಯ ಕೇಳಿ. ಎ.ಕೆ. 47, ಎಂ 16ರಂಥ ರೈಫಲ್ಲುಗಳಲ್ಲಿ ಪಿನ್ನನ್ನು ಹಿಂದಕ್ಕೆ ಹಿಡಿದಿಡುವ ಸ್ಪ್ರಿಂಗ್ ಸಾಮಾನ್ಯವಾಗಿ ಇರುವುದಿಲ್ಲ. ಕಾಡತೂಸು ಒಳಸೇರುವ ರಭಸಕ್ಕೇ ಪಿನ್ನು ಮುಂದೆ ಜಾರಿ ಪ್ರೈಮರಿಗೆ ಮೆಲ್ಲನೆ ತಾಗುತ್ತದೆ. ಟ್ರಿಗರ್ ಮುಟ್ಟದಿದ್ದರೂ ಒಂದು ಚುಕ್ಕೆ ಬಿದ್ದಿರುತ್ತದೆ. ಚುಕ್ಕೆ ಕಂಡಿತೆಂದು ಯಾರೋ ಗುಂಡು ಹಾರಿಸಲು ಯತ್ನಿಸಿದರೆಂದು ಹೇಳಿದರೆ ಅದು ತಪ್ಪು ಸಾಕ್ಷಿಯಾಗುತ್ತದೆ.

ನಿಜವಾದ ಕಾರಣ ಹುಡುಕುವುದು ಹೇಗೆ? ಬಲ್ಲವರು ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತಾರೆ. ಅದೇ ರೈಫಲ್ಲಿಗೆ ಕಾರ್ಖಾನೆಯ ಕಾಡತೂಸು ಹಾಕಿ ನೋಡುತ್ತಾರೆ. ಗುರುತು ಸಮನಾಗಿ ಬಿದ್ದರೆ ಸಂಶಯ ಕಾಡತೂಸು ತುಂಬಿದ ಕೆಲಸದ ಕಡೆ ತಿರುಗುತ್ತದೆ. ಅಲ್ಲೂ ಏರುಪೇರಾದರೆ ಪಿನ್ನು, ಸ್ಪ್ರಿಂಗುಗಳ ಸರದಿ. ಶಿಬಿರದಲ್ಲಿ ನಿಮ್ಮ ಗುಂಡು ಹಾರದಿದ್ದರೆ ಮಾತ್ರ ಈ ಪತ್ತೇದಾರಿಕೆಗೆ ಇಳಿಯಬೇಡಿ. ಕಿಡಿ ತಡವಾಗಿ ಹೊತ್ತಿ ಗುಂಡು ಆಮೇಲೆ ಹಾರುವುದುಂಟು. ನಳಿಗೆಯನ್ನು ಗುರಿಯ ಕಡೆಗೇ ಇಟ್ಟುಕೊಂಡು ತರಬೇತುದಾರರನ್ನು ಕರೆಯಿರಿ. ಕನಿಷ್ಠ 30 ಸೆಕೆಂಡು ಬೋಲ್ಟ್ ತೆರೆಯಕೂಡದು.

ಬಂದೂಕಿನ ರಿಪೇರಿಯಲ್ಲಿ ಆತುರಪಟ್ಟರೆ ಒಂದು ಸ್ಪ್ರಿಂಗಿನ ಬೆಲೆ ದಂಡವಾದೀತು. ನ್ಯಾಯಾಲಯದಲ್ಲಿ ಅದರ ಬೆಲೆ ಒಬ್ಬ ಮನುಷ್ಯನ ಬದುಕು. 1929ರ ಫೆಬ್ರವರಿ 14ರಂದು ಷಿಕಾಗೋ ನಗರದ ಗ್ಯಾರೇಜೊಂದರಲ್ಲಿ ಏಳು ಜನರ ಕೊಲೆಯಾಯಿತು. ಕೊಲೆಗಾರರಲ್ಲಿ ಕೆಲವರು ಪೊಲೀಸ್ ಸಮವಸ್ತ್ರ ತೊಟ್ಟಿದ್ದರಿಂದ ಪೊಲೀಸರ ಮೇಲೆಯೇ ಗುಮಾನಿ ಬಂತು. ಕ್ಯಾಲ್ವಿನ್ ಗೊಡ್ಡಾರ್ಡ್ ಎಂಬ ತಜ್ಞರು, ಎರಡು ವಸ್ತುಗಳನ್ನು ಅಕ್ಕಪಕ್ಕ ತೋರಿಸುವ ಸೂಕ್ಷ್ಮದರ್ಶಕದಲ್ಲಿ ಗುಂಡು ಮತ್ತು ಖಾಲಿ ಕಾಡತೂಸುಗಳನ್ನು ಹೋಲಿಸಿ ನೋಡಿದರು. ಪೊಲೀಸರ ಬಂದೂಕುಗಳು ನಿರ್ದೋಷಿ ಎಂದು ಗೊತ್ತಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಫ್ರೆಡ್ ಬರ್ಕ್ ಎಂಬ ಪಾತಕಿಯ ಮನೆಯಲ್ಲಿ ಸಿಕ್ಕ ಎರಡು ಬಂದೂಕುಗಳಿಗೆ ಗುರುತು ತಾಳೆಯಾಯಿತು.

ಇದು ದೂರದ ಕಥೆ ಎನ್ನಬೇಡಿ. ವಚನ ಮತ್ತು ಶಾಸನಗಳ ದೊಡ್ಡ ವಿದ್ವಾಂಸರಾದ ಡಾ. ಎಂ. ಎಂ. ಕಲಬುರ್ಗಿ ಅವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲಿ ಗುಂಡಿಟ್ಟು ಕೊಂದರು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಅವರ ಹತ್ಯೆಯಾಯಿತು. ಎರಡು ಊರು, ನಡುವೆ ಎರಡು ವರ್ಷ. ಕೊಲೆಗೆ ಬಳಸಿದ ಪಿಸ್ತೂಲು ಪ್ರಯೋಗಾಲಯದವರ ಕೈಯಲ್ಲಿರಲಿಲ್ಲ. ಸ್ಥಳದಲ್ಲಿ ಸಿಕ್ಕ ಗುಂಡು, ಖಾಲಿ ಕಾಡತೂಸುಗಳನ್ನೇ ಒಂದಕ್ಕೊಂದು ಹೋಲಿಸಿ, ಎರಡೂ ಕಡೆ ಬಳಕೆಯಾದದ್ದು ಒಂದೇ 7.65 ಮಿ.ಮೀ. ನಾಡ ಪಿಸ್ತೂಲು ಎಂದು ವಿಧಿವಿಜ್ಞಾನ ತಜ್ಞರು ವರದಿ ಕೊಟ್ಟರು. ಬೇರೆ ಬೇರೆಯಾಗಿ ನಡೆಯುತ್ತಿದ್ದ ಎರಡು ತನಿಖೆಗಳ ನಡುವೆ ಅದು ಕೊಂಡಿಯಾಯಿತು. 2019ರಲ್ಲಿ ಸುಪ್ರೀಂ ಕೋರ್ಟು ಕಲಬುರ್ಗಿ ಪ್ರಕರಣವನ್ನು ಗೌರಿ ಪ್ರಕರಣದ ತನಿಖಾ ತಂಡಕ್ಕೇ ಒಪ್ಪಿಸಿತು.

ಗುರುತು ಹೇಳುವುದು ಆಯುಧದ ಸಂಗತಿಯನ್ನು. ಅದನ್ನು ಹಿಡಿದ ಕೈ ಯಾರದೆಂದು ಬೇರೆ ಸಾಕ್ಷಿಗಳು ಹೇಳಬೇಕು. ಆಯುಧದ ವಿಷಯದಲ್ಲೂ ಎಚ್ಚರ ಬೇಕು. ಪ್ರೈಮರ್ ಬದಲಾದರೆ ಗುರುತಿನ ಆಳ ಬದಲಾಗುತ್ತದೆಂದು ಆಗಲೇ ನೋಡಿದೆವು. ಆದ್ದರಿಂದ ಬಂದೂಕು ಸಿಕ್ಕಾಗ ತಜ್ಞರು ಹಲವು ಗುಂಡು ಹಾರಿಸಿ, ಪ್ರತಿ ಸಲವೂ ಮರಳಿ ಬರುವ ಗೀರು ಯಾವುದು, ಒಮ್ಮೆ ಬಂದು ಹೋಗುವುದು ಯಾವುದು ಎಂದು ಬೇರ್ಪಡಿಸುತ್ತಾರೆ. ಹಾಗಿದ್ದೂ 2009ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ವರದಿ, ಈ ಹೋಲಿಕೆಯಲ್ಲಿ ತಜ್ಞರ ಸ್ವಂತ ಅಭಿಪ್ರಾಯದ ಪಾಲು ಹೆಚ್ಚು, ನಿಖರವಾದ ವಿಧಾನ ರೂಪಿಸಬೇಕು ಎಂದು ಎಚ್ಚರಿಸಿತು. ನಮ್ಮ ಕಾನೂನೂ ತಜ್ಞರ ಮಾತನ್ನು ಅಭಿಪ್ರಾಯವೆಂದೇ ಎಣಿಸುತ್ತದೆ.

ನಿಮ್ಮಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಕಂಪ್ಯೂಟರ್ ಓದುತ್ತಿರುವವರಿದ್ದೀರಿ. ಗುರುತುಗಳ ಮೂರು ಆಯಾಮದ ಚಿತ್ರ ತೆಗೆದು ಲೆಕ್ಕದಿಂದ ಹೋಲಿಸುವ ಕೆಲಸ ಈಗ ನಡೆದಿದೆ. ಅದಕ್ಕೆ ನಿಮ್ಮಂಥವರೇ ಬೇಕು. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಒಂದು ಕ್ಯಾಂಪಸ್ ಇರುವುದು ಧಾರವಾಡದಲ್ಲೇ, ಕಲಬುರ್ಗಿಯವರು ಜೀವಮಾನವೆಲ್ಲ ಹಳೆಯ ಬರಹಗಳನ್ನು ಒಂದಕ್ಕೊಂದು ಹೋಲಿಸಿ ಓದಿದ ಊರಿನಲ್ಲೇ. ಮುಂದೇನು ಓದಬೇಕೆಂದು ಮನೆಯಲ್ಲಿ ಮಾತು ಬಂದಾಗ ಇದನ್ನೂ ಒಮ್ಮೆ ನೆನೆಯಿರಿ.