ಸ್ಮಾರ್ಟ್ ಕಾರ್ಡುಗಳ ಭದ್ರತೆ ಮತ್ತು ಕ್ವಾಂಟಂ ಗಣಕ: ವರ್ತಕರು ತಿಳಿದಿರಬೇಕಾದ ಸಂಗತಿಗಳು

ಕಾರವಾರದಲ್ಲಾಗಲಿ ಅಂಕೋಲೆಯಲ್ಲಾಗಲಿ ಸಾಧಾರಣ ವರ್ತಕರೊಬ್ಬರ ಜೇಬು ಹಾಗೂ ಮೇಜಿನ ಖಾನೆಯನ್ನು ತೆರೆದು ನೋಡಿದರೆ, ಚಿಪ್ ಅಳವಡಿಸಿದ ಮೂರು ನಾಲ್ಕು ವಸ್ತುಗಳಾದರೂ ಕಾಣಸಿಗುತ್ತವೆ. ಬ್ಯಾಂಕಿನ ಎಟಿಎಂ ಕಾರ್ಡು, ಮೊಬೈಲಿನೊಳಗಿನ ಸಿಮ್, ಕೆಎ-30 ನೋಂದಣಿಯ ಸರಕು ವಾಹನದ ಆರ್.ಸಿ. ಕಾರ್ಡು ಇವು ಎಲ್ಲರಿಗೂ ಪರಿಚಿತ. ನಾಲ್ಕನೆಯದು ನೋಡಲು ಪೆನ್ ಡ್ರೈವಿನಂತಿದ್ದು, ಅನೇಕರು ಅದನ್ನು ಸ್ಮಾರ್ಟ್ ಕಾರ್ಡ್ ಎಂದು ಗುರುತಿಸುವುದೇ ಇಲ್ಲ. ಅದು ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್. ಕಂಪನಿಗಳ ಜಿಎಸ್‌ಟಿ ವಿವರಪಟ್ಟಿ, ಕಂಪನಿ ವ್ಯವಹಾರಗಳ ಸಚಿವಾಲಯಕ್ಕೆ ಸಲ್ಲಿಸುವ ನಮೂನೆಗಳು, ಲೋಕೋಪಯೋಗಿ ಇಲಾಖೆಯಿಂದ ಹಿಡಿದು ನೌಕಾನೆಲೆಯ ಕಾಮಗಾರಿಗಳವರೆಗಿನ ಇ-ಟೆಂಡರುಗಳು, ರಫ್ತುದಾರರ ಸುಂಕ ದಾಖಲೆಗಳು ಇವೆಲ್ಲ ಆ ಟೋಕನ್ನಿನೊಳಗಿನ ಚಿಪ್ಪಿನ ಮೂಲಕವೇ ಸಹಿಯಾಗುತ್ತವೆ.

ಕರಾವಳಿಗೆ ಚಿಪ್ ಕಾರ್ಡುಗಳು ಹೊಸತಲ್ಲ. 2008ರ ನವೆಂಬರಿನಲ್ಲಿ ಸಮುದ್ರಮಾರ್ಗವಾಗಿ ಬಂದವರಿಂದ ಮುಂಬಯಿಯ ಮೇಲೆ ದಾಳಿ ನಡೆದ ತರುವಾಯ, ಮೀನುಗಾರರಿಗೆ ಬಯೋಮೆಟ್ರಿಕ್ ಗುರುತಿನ ಚೀಟಿ ನೀಡುವ ಯೋಜನೆಯನ್ನು ಕೇಂದ್ರ ಸರ್ಕಾರ 2009ರಲ್ಲಿ ಕೈಗೊಂಡಿತು. ಬೆಂಗಳೂರಿನ ಬಿಇಎಲ್ ನೇತೃತ್ವದ ಸಾರ್ವಜನಿಕ ಉದ್ದಿಮೆಗಳ ಕೂಟಕ್ಕೆ ಅದರ ಹೊಣೆ ದೊರೆಯಿತು. ದೋಣಿಯಲ್ಲಿರುವಾತನು ಯಾರೆಂಬುದನ್ನು ಕಾಗದಕ್ಕಿಂತ ಭದ್ರವಾಗಿ ತೋರಿಸುವುದು ಅದರ ಉದ್ದೇಶವಾಗಿತ್ತು. ಇಂತಹ ಕಾರ್ಡುಗಳ ಭದ್ರತೆ ನಿಂತಿರುವುದು ಪ್ಲಾಸ್ಟಿಕ್ಕಿನ ಮೇಲಲ್ಲ, ಅದರೊಳಗಿನ ಒಂದು ಲೆಕ್ಕದ ಮೇಲೆ. ಆ ಲೆಕ್ಕವನ್ನೇ ಬಿಡಿಸಬಲ್ಲ ಕ್ವಾಂಟಂ ಗಣಕಗಳು ಮುಂದೆ ಬರಲಿವೆ ಎಂಬ ವಿಚಾರ ಈಗ ಪತ್ರಿಕೆಗಳಲ್ಲಿ ಪದೇ ಪದೇ ಕಾಣುತ್ತಿರುವುದರಿಂದ, ವರ್ತಕರ ಮಟ್ಟಿಗೆ ಅದರಲ್ಲಿ ಚಿಂತಿಸಬೇಕಾದುದೆಷ್ಟು, ಬಿಡಬಹುದಾದುದೆಷ್ಟು ಎಂಬುದನ್ನು ಪರಿಶೀಲಿಸುವುದು ಉಚಿತ.

ಕಾರ್ಡು ತನ್ನ ಗುರುತನ್ನು ಸಾಬೀತುಪಡಿಸುವ ಬಗೆ

ಚಿಪ್ ಕಾರ್ಡು ತನ್ನ ಗುಟ್ಟನ್ನು ಎಂದಿಗೂ ಹೊರಗೆ ಹೇಳುವುದಿಲ್ಲ. ಯಂತ್ರವು ಪ್ರತಿಸಲವೂ ಹೊಸದೊಂದು ಸಂಖ್ಯೆಯನ್ನು ಕಾರ್ಡಿಗೆ ಕಳುಹಿಸುತ್ತದೆ. ಕಾರ್ಡು ಒಳಗಿನ ಗುಟ್ಟಿನ ಕೀಲಿಯಿಂದ ಆ ಸಂಖ್ಯೆಯನ್ನು ಸಂಸ್ಕರಿಸಿ ಉತ್ತರವನ್ನು ಮಾತ್ರ ಹಿಂತಿರುಗಿಸುತ್ತದೆ. ಉತ್ತರ ಸರಿಯಿದ್ದರೆ ಕಾರ್ಡು ನಿಜವಾದುದು. ಇದನ್ನು ಎರಡು ರೀತಿಯಲ್ಲಿ ಸಾಧಿಸಬಹುದು.

ಮೊದಲನೆಯದು, ಒಂದೇ ಕೀಲಿಯ ಎರಡು ಪ್ರತಿಗಳನ್ನು ಎರಡು ಕಡೆ ಇಡುವ ಕ್ರಮ. ಸಿಮ್ ಕಾರ್ಡಿನ ಕೀಲಿಯ ಇನ್ನೊಂದು ಪ್ರತಿ ದೂರವಾಣಿ ಕಂಪನಿಯ ಬಳಿ ಇರುತ್ತದೆ. ಎಟಿಎಂ ಕಾರ್ಡಿನಿಂದ ಹಣ ಪಾವತಿಸುವಾಗ ಬ್ಯಾಂಕಿಗೆ ಹೋಗುವ ದೃಢೀಕರಣವೂ ಇದೇ ಬಗೆಯದು.

ಎರಡನೆಯದು ಜೋಡಿ ಕೀಲಿಯ ಕ್ರಮ. ಡಿಜಿಟಲ್ ಸಹಿಯ ಟೋಕನ್ನಿನಲ್ಲಿರುವುದು ಇದು. ಖಾಸಗಿ ಕೀಲಿ ಚಿಪ್ಪಿನೊಳಗೆ ಉಳಿಯುತ್ತದೆ. ಬಹಿರಂಗ ಕೀಲಿಯು ಪ್ರಮಾಣಪತ್ರದಲ್ಲಿ ಸೇರಿ, ಸಹಿ ಮಾಡಿದ ಪ್ರತಿಯೊಂದು ದಾಖಲೆಯ ಜೊತೆಗೂ ಹೋಗುತ್ತದೆ. ಸಹಿ ಹಾಕಲು ಮೊದಲನೆಯದೇ ಬೇಕು, ಸಹಿಯನ್ನು ಪರೀಕ್ಷಿಸಲು ಎರಡನೆಯದು ಸಾಕು. 1977ರಲ್ಲಿ ರೂಪುಗೊಂಡ ಆರ್‌ಎಸ್‌ಎ ವಿಧಾನ ಇದಕ್ಕೆ ಅತ್ಯಂತ ಹೆಚ್ಚು ಬಳಕೆಯಾಗಿದೆ. 61 ಮತ್ತು 53 ಎಂಬ ಎರಡು ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿದರೆ 3233 ಬರುತ್ತದೆಂದು ಶಾಲಾ ಬಾಲಕನೂ ಕ್ಷಣದಲ್ಲಿ ಹೇಳುತ್ತಾನೆ. ಆದರೆ 3233ನ್ನು ಕೊಟ್ಟು, ಇದು ಯಾವೆರಡರ ಗುಣಲಬ್ಧವೆಂದು ಕೇಳಿದರೆ ತಡವರಿಸಬೇಕಾಗುತ್ತದೆ. ಟೋಕನ್ನಿನಲ್ಲಿರುವ 2048 ಬಿಟ್ ಸಂಖ್ಯೆಯು ಆರುನೂರಕ್ಕೂ ಹೆಚ್ಚು ಅಂಕಿಗಳಷ್ಟು ಉದ್ದ. ಇಂದಿನ ಯಾವ ಗಣಕವೂ ಅದನ್ನು ಒಡೆಯಲಾರದು.

ತೊಡಕು ಎಲ್ಲಿಂದ ಬಂತು

1994ರಲ್ಲಿ ಅಮೆರಿಕದ ಗಣಿತಜ್ಞ ಪೀಟರ್ ಶೋರ್ ಅವರು, ಸಾಕಷ್ಟು ದೊಡ್ಡ ಕ್ವಾಂಟಂ ಗಣಕವೊಂದಿದ್ದರೆ ಇಂತಹ ಸಂಖ್ಯೆಗಳನ್ನು ಶೀಘ್ರವಾಗಿ ಒಡೆಯಬಹುದೆಂದು ತೋರಿಸಿದರು. ಆರ್‌ಎಸ್‌ಎ ಮಾತ್ರವಲ್ಲದೆ ಅದಕ್ಕಿಂತ ಹೊಸತಾದ ದೀರ್ಘವೃತ್ತ ವಕ್ರರೇಖೆಯ ವಿಧಾನವೂ ಇದಕ್ಕೆ ಬಲಿಯಾಗುತ್ತದೆ. 1996ರಲ್ಲಿ ಲವ್ ಗ್ರೋವರ್ ಅವರು ಕಂಡುಕೊಂಡ ಇನ್ನೊಂದು ವಿಧಾನವು ಒಂದೇ ಕೀಲಿಯ ಕ್ರಮಕ್ಕೆ ಅನ್ವಯಿಸುತ್ತದಾದರೂ ಅದರ ಪ್ರಭಾವ ಸೀಮಿತ. ಕೀಲಿಯ ಉದ್ದವನ್ನು ಇಮ್ಮಡಿಗೊಳಿಸಿದರೆ ಅದಕ್ಕೆ ತಕ್ಕ ಪರಿಹಾರವಾಗುತ್ತದೆ.

ಅಂತಹ ದೊಡ್ಡ ಯಂತ್ರ ಇನ್ನೂ ಇಲ್ಲ. ಬೆಂಗಳೂರಿನ ಕ್ಯೂಪಿಎಐ ಸಂಸ್ಥೆ 2025ರ ಏಪ್ರಿಲಿನಲ್ಲಿ ಪ್ರಕಟಿಸಿದ ಗಣಕವು 25 ಕ್ಯೂಬಿಟ್‌ಗಳದು. 2048 ಬಿಟ್ ಆರ್‌ಎಸ್‌ಎ ಕೀಲಿಯನ್ನು ಒಡೆಯಲು ಸುಮಾರು 2 ಕೋಟಿ ಕ್ಯೂಬಿಟ್‌ಗಳು ಬೇಕೆಂದು 2019ರಲ್ಲಿ ಅಂದಾಜಿಸಲಾಗಿತ್ತು. ಆ ಅಂದಾಜು ಮಾಡಿದವರಲ್ಲಿ ಒಬ್ಬರಾದ ಗೂಗಲ್‌ನ ಕ್ರೇಗ್ ಗಿಡ್ನಿ ಅವರೇ 2025ರ ಮೇ ತಿಂಗಳಿನಲ್ಲಿ, 10 ಲಕ್ಷಕ್ಕಿಂತ ಕಡಿಮೆ ಕ್ಯೂಬಿಟ್‌ಗಳಲ್ಲಿ ಒಂದು ವಾರದೊಳಗೆ ಅದು ಸಾಧ್ಯವೆಂದು ಲೆಕ್ಕ ತೋರಿಸಿದ್ದಾರೆ. ಯಂತ್ರ ಬೆಳೆಯುತ್ತಿದೆ, ಅದಕ್ಕಿಂತ ವೇಗವಾಗಿ, ಬೇಕಾದ ಯಂತ್ರದ ಗಾತ್ರ ಕಿರಿದಾಗುತ್ತಿದೆ. ಚಿಂತೆಗೆ ಕಾರಣ ಮುಖ್ಯವಾಗಿ ಈ ಎರಡನೆಯ ಸಂಗತಿ.

ಯಾವುದಕ್ಕೆ ಅಪಾಯ, ಯಾವುದಕ್ಕಿಲ್ಲ

ಎಲ್ಲ ಕಾರ್ಡುಗಳಿಗೂ ಒಂದೇ ಬಗೆಯ ಅಪಾಯವಿಲ್ಲವೆಂಬುದನ್ನು ವರ್ತಕರು ಮೊದಲು ಮನಗಾಣಬೇಕು. ಸಿಮ್ ಕಾರ್ಡಿನ ಗುರುತು ಪರೀಕ್ಷೆ ಒಂದೇ ಕೀಲಿಯ ಕ್ರಮದ್ದಾದುದರಿಂದ ಶೋರ್ ವಿಧಾನ ಅಲ್ಲಿ ನಡೆಯದು. ಬ್ಯಾಂಕ್ ಕಾರ್ಡಿನಲ್ಲಿ ಎರಡೂ ಕ್ರಮಗಳಿವೆ: ಬ್ಯಾಂಕನ್ನು ಸಂಪರ್ಕಿಸಿ ನಡೆಯುವ ದೃಢೀಕರಣ ಒಂದೇ ಕೀಲಿಯದು, ಸಂಪರ್ಕವಿಲ್ಲದೆ ಯಂತ್ರವು ತಾನೇ ಕಾರ್ಡನ್ನು ಪರೀಕ್ಷಿಸುವುದಾದರೆ ಆರ್‌ಎಸ್‌ಎ ಬಳಕೆಯಾಗುತ್ತದೆ, ಅದೂ ಹೆಚ್ಚೆಂದರೆ 1984 ಬಿಟ್ ಉದ್ದದ್ದು. ಕಾಂತಪಟ್ಟಿಯ ಹಳೆಯ ಕಾರ್ಡುಗಳನ್ನು 2018ರ ಡಿಸೆಂಬರ್ 31ರೊಳಗೆ ಬದಲಿಸಬೇಕೆಂದು ರಿಸರ್ವ್ ಬ್ಯಾಂಕು ಆದೇಶಿಸಿದ್ದಾಗ ಆದಂತೆಯೇ, ಮುಂದೆಯೂ ಹೊಸ ಕಾರ್ಡು ಅಂಚೆಯಲ್ಲಿ ಬರುತ್ತದೆ. ಬದಲಾವಣೆಯ ಹೊಣೆ ಬ್ಯಾಂಕಿನದು.

ಗುರುತು ಪರೀಕ್ಷೆಯ ವಿಷಯದಲ್ಲಿ ಇನ್ನೊಂದು ಸಮಾಧಾನವಿದೆ. ಇಂದು ಬೆಳಿಗ್ಗೆ ಟೋಕನ್ ಬಳಸಿ ಜಾಲತಾಣವೊಂದನ್ನು ಪ್ರವೇಶಿಸಿದ್ದನ್ನು ಹತ್ತು ವರ್ಷಗಳ ನಂತರ ಭೇದಿಸಿ ಯಾರಿಗೂ ಲಾಭವಿಲ್ಲ. ಆ ಬಾಗಿಲು ಅಂದೇ ಮುಚ್ಚಿರುತ್ತದೆ. ಇ-ಟೆಂಡರಿನ ದರವೂ ಹಾಗೆಯೇ. ಲಕೋಟೆ ತೆರೆಯುವ ದಿನದವರೆಗೆ ಮಾತ್ರ ಅದು ಗುಟ್ಟು.

ಸಹಿಯ ಮಾತು ಬೇರೆ. ಟೋಕನ್ನಿನ ಪ್ರಮಾಣಪತ್ರದ ಅವಧಿ ಹೆಚ್ಚೆಂದರೆ ಮೂರು ವರ್ಷ. ಅದರಿಂದ ಸಹಿ ಹಾಕಿದ ಕರಾರಿನ ಆಯುಷ್ಯ ಹದಿನೈದೋ ಇಪ್ಪತ್ತೋ ವರ್ಷವಿರಬಹುದು. ಬೇಲೇಕೇರಿಯ ಮೀನು ಸಂಸ್ಕರಣಾ ಘಟಕವೊಂದು ಶೀತಲಗೃಹ ಕಟ್ಟಲು ಹದಿನೈದು ವರ್ಷಗಳ ಸಾಲ ಪಡೆದು, ಅದರ ದಾಖಲೆಗೆ ಡಿಜಿಟಲ್ ಸಹಿ ಹಾಕಿದೆಯೆಂದು ಭಾವಿಸಬಹುದು. ಸಹಿಯ ಜೊತೆಗೇ ಇರುವ ಬಹಿರಂಗ ಕೀಲಿಯಿಂದ ಖಾಸಗಿ ಕೀಲಿಯನ್ನು ಹೊರತೆಗೆಯಬಲ್ಲ ಯಂತ್ರವು ಆ ಅವಧಿಯೊಳಗೆ ಬಂದರೆ, ಹಿಂದಿನ ತಾರೀಖು ನಮೂದಿಸಿ ಬೇರೊಂದು ಕರಾರನ್ನು ಅದೇ ಸಹಿಯಿಂದ ಸೃಷ್ಟಿಸಬಹುದು. ಅಷ್ಟೇ ಅಲ್ಲ, ನಿಜವಾಗಿ ಸಹಿ ಹಾಕಿದವರೂ ‘ಇದು ನನ್ನದಲ್ಲ, ಯಂತ್ರದ್ದು’ ಎಂದು ಜಾರಿಕೊಳ್ಳಲು ಅವಕಾಶವಾಗುತ್ತದೆ. ಸಾಲ ಕೊಟ್ಟವರಿಗೂ ಪಡೆದವರಿಗೂ ಇದು ಸಮಾನ ಸಂಕಟ. ಹಾಗಾಗಿ ಕಾರ್ಡಿನ ಆಯುಷ್ಯಕ್ಕಿಂತ ದಾಖಲೆಯ ಆಯುಷ್ಯವನ್ನು ಎಣಿಸುವುದು ಮುಖ್ಯ.

ಹೊಸ ಬೀಗದ ಲೆಕ್ಕ

ಕ್ವಾಂಟಂ ಗಣಕಕ್ಕೂ ಬಗ್ಗದ ಲೆಕ್ಕವೊಂದನ್ನು ಹುಡುಕುವ ಕೆಲಸವನ್ನು ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ (ನಿಸ್ಟ್) 2016ರಲ್ಲಿ ಬಹಿರಂಗ ಸ್ಪರ್ಧೆಯ ರೂಪದಲ್ಲಿ ಆರಂಭಿಸಿತು. 2024ರ ಆಗಸ್ಟ್ 13ರಂದು ಮೂರು ಮಾನಕಗಳು ಪ್ರಕಟವಾದವು. ಅವುಗಳಲ್ಲಿ ಎರಡರ ಹಿಂದಿರುವ ತತ್ತ್ವವು ಲೆಕ್ಕಪುಸ್ತಕ ಬಲ್ಲವರಿಗೆ ಸುಲಭವಾಗಿ ಅರ್ಥವಾಗುವಂತಹದು.

ಅಂಕೋಲೆಯ ಅಂಗಡಿಯೊಂದರ ಎರಡು ಬಿಲ್ಲುಗಳು ಕೈಗೆ ಸಿಕ್ಕಿವೆಯೆನ್ನೋಣ. ಒಂದರಲ್ಲಿ 2 ಕಿಲೋ ಗೋಡಂಬಿ, 3 ಕಿಲೋ ಮುರುಗಲು ಸಿಪ್ಪೆಗೆ ಒಟ್ಟು ರೂ. 2,500, ಇನ್ನೊಂದರಲ್ಲಿ 1 ಕಿಲೋ ಗೋಡಂಬಿ, 2 ಕಿಲೋ ಮುರುಗಲಿಗೆ ರೂ. 1,350. ಬಿಡಿ ದರ ಬರೆದಿಲ್ಲ. ಆದರೂ ಎರಡನೆಯ ಬಿಲ್ಲನ್ನು ಇಮ್ಮಡಿಸಿ ಮೊದಲನೆಯದನ್ನು ಕಳೆದರೆ ಮುರುಗಲು ರೂ. 200, ಗೋಡಂಬಿ ರೂ. 950 ಎಂಬುದು ಹೊರಬೀಳುತ್ತದೆ. ಈಗ ಅಂಗಡಿಯವರು ಬೇಕೆಂದೇ ಎರಡನೆಯ ಮೊತ್ತವನ್ನು ಮೂರು ರೂಪಾಯಿ ಹೆಚ್ಚಿಸಿ 1,353 ಎಂದು ಬರೆದರೆ, ಅದೇ ಲೆಕ್ಕದಿಂದ ಮುರುಗಲು 206, ಗೋಡಂಬಿ 941 ಎಂದಾಗುತ್ತದೆ. ಮೂರು ರೂಪಾಯಿಯ ತಪ್ಪು ಒಂದು ಕಡೆ ಆರು, ಇನ್ನೊಂದು ಕಡೆ ಒಂಬತ್ತು ರೂಪಾಯಿಯ ತಪ್ಪಾಗಿ ಬೆಳೆಯಿತು. ಎರಡು ಸರಕುಗಳ ಬದಲು ನೂರಾರು ಸರಕುಗಳಿದ್ದು, ಪ್ರತಿ ಬಿಲ್ಲಿನಲ್ಲೂ ಇಂತಹ ಸಣ್ಣ ತಪ್ಪನ್ನು ಸೇರಿಸಿದರೆ, ತಪ್ಪೇ ಲೆಕ್ಕವನ್ನು ನುಂಗಿಹಾಕುತ್ತದೆ. ಬಿಲ್ಲುಗಳನ್ನು ಊರಿಗೆಲ್ಲ ಹಂಚಬಹುದು. ಅದು ಬಹಿರಂಗ ಕೀಲಿ. ನಿಜವಾದ ದರಪಟ್ಟಿ ಅಂಗಡಿಯವರ ಬಳಿಯೇ ಉಳಿಯುತ್ತದೆ. ಅದು ಖಾಸಗಿ ಕೀಲಿ. ಇದನ್ನು ಶೀಘ್ರವಾಗಿ ಬಿಡಿಸುವ ಮಾರ್ಗ ಸಾಮಾನ್ಯ ಗಣಕಕ್ಕಾಗಲಿ ಕ್ವಾಂಟಂ ಗಣಕಕ್ಕಾಗಲಿ ಈವರೆಗೆ ತಿಳಿದುಬಂದಿಲ್ಲ.

ಕಾಗದದ ಮೇಲೆ ಸೊಗಸಾದ ಈ ಲೆಕ್ಕವನ್ನು ಉಗುರಿನಷ್ಟಗಲದ ಚಿಪ್ಪಿನೊಳಗೆ ಇಳಿಸುವುದು ಸುಲಭವಲ್ಲ. ಆರ್‌ಎಸ್‌ಎ 2048ರ ಸಹಿ 256 ಬೈಟ್‌ನದು. ಕಾರ್ಡು ಮತ್ತು ಯಂತ್ರದ ನಡುವಿನ ಸಾಂಪ್ರದಾಯಿಕ ಸಂವಾದದಲ್ಲಿ ಒಂದೇ ಉತ್ತರದಲ್ಲಿ ಅದು ಸಾಗಿಬಿಡುತ್ತದೆ. ಎಂಎಲ್-ಡಿಎಸ್‌ಎ ಎಂಬ ಹೊಸ ಮಾನಕದ ಅತ್ಯಂತ ಚಿಕ್ಕ ಸಹಿಯೇ 2,420 ಬೈಟ್, ಬಹಿರಂಗ ಕೀಲಿ 1,312 ಬೈಟ್. ಸಹಿಯೊಂದನ್ನು ಸಾಗಿಸಲು ಹತ್ತು ಸರದಿ ಬೇಕಾಗುತ್ತದೆ. ಮೂರನೆಯ ಮಾನಕವಾದ ಎಸ್‌ಎಲ್‌ಎಚ್-ಡಿಎಸ್‌ಎ ಇನ್ನೂ ಭಾರ, ಕನಿಷ್ಠ 7,856 ಬೈಟ್. ಸಹಿ ಸಿದ್ಧಪಡಿಸುವಾಗ ಬೇಕಾಗುವ ಕೆಲಸದ ಜಾಗ ಅಗ್ಗದ ಚಿಪ್ಪುಗಳಲ್ಲಿ ಇರುವುದಿಲ್ಲ. ಇದಲ್ಲದೆ, ಚಿಪ್ಪು ಲೆಕ್ಕ ಮಾಡುವಾಗ ಅದು ಎಳೆಯುವ ವಿದ್ಯುತ್ತಿನ ಏರಿಳಿತವನ್ನು ಅಳೆದು ಗುಟ್ಟನ್ನು ಊಹಿಸುವ ಕಳ್ಳರಿದ್ದಾರೆ. ಅವರ ಕಣ್ಣು ತಪ್ಪಿಸಲು ಮತ್ತಷ್ಟು ಲೆಕ್ಕ, ಮತ್ತಷ್ಟು ಜಾಗ. ಆದರೂ ಚಿಪ್ ತಯಾರಕರು ದಾರಿ ಕಂಡುಕೊಳ್ಳುತ್ತಿದ್ದಾರೆ. ಜರ್ಮನಿಯ ಇನ್ಫಿನಿಯನ್ ಸಂಸ್ಥೆಯ ಇಂತಹ ಚಿಪ್ಪೊಂದಕ್ಕೆ 2025ರ ಜನವರಿಯಲ್ಲಿ ಅಲ್ಲಿನ ಸರ್ಕಾರದ ಭದ್ರತಾ ಪ್ರಮಾಣಪತ್ರ ದೊರೆತಿದೆ.

ಹೊಸತೆಂದ ಮಾತ್ರಕ್ಕೆ ನಂಬುವಂತೆಯೂ ಇಲ್ಲ. ನಿಸ್ಟ್ ಸ್ಪರ್ಧೆಯಲ್ಲಿ ಮುಂದುವರಿದಿದ್ದ ‘ಸೈಕ್’ ಎಂಬ ವಿಧಾನವನ್ನು 2022ರಲ್ಲಿ ಬೆಲ್ಜಿಯಂನ ಇಬ್ಬರು ಸಂಶೋಧಕರು ಸಾಮಾನ್ಯ ಗಣಕದಿಂದಲೇ ಸುಮಾರು ಒಂದು ಗಂಟೆಯಲ್ಲಿ ಭೇದಿಸಿದರು. ಈ ಕಾರಣದಿಂದ ಯುರೋಪಿನ ಭದ್ರತಾ ಸಂಸ್ಥೆಗಳು ಹಳೆಯ ಬೀಗ, ಹೊಸ ಬೀಗ ಎರಡನ್ನೂ ಜೊತೆಯಾಗಿ ಹಾಕಬೇಕೆನ್ನುತ್ತವೆ. ಗೋದಾಮಿಗೆ ಎರಡು ಬೀಗ ಹಾಕುವವರಿಗೆ ಇದರ ವಿವೇಕವನ್ನು ವಿವರಿಸಬೇಕಿಲ್ಲ.

ಎಸ್ಟೋನಿಯಾ ದೇಶದ ಅನುಭವ ಇಲ್ಲಿ ಉಲ್ಲೇಖನೀಯ. 2017ರಲ್ಲಿ ಆ ದೇಶದ ಸುಮಾರು ಏಳೂವರೆ ಲಕ್ಷ ಗುರುತಿನ ಕಾರ್ಡುಗಳ ಚಿಪ್ಪಿನಲ್ಲಿ ಆರ್‌ಎಸ್‌ಎ ಕೀಲಿಗಳು ದುರ್ಬಲವಾಗಿ ಹುಟ್ಟುತ್ತಿದ್ದುದು ಪತ್ತೆಯಾಯಿತು. ಕ್ವಾಂಟಂ ಗಣಕಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಸರ್ಕಾರವು ನವೆಂಬರಿನಲ್ಲಿ ಆ ಪ್ರಮಾಣಪತ್ರಗಳನ್ನು ತಡೆಹಿಡಿಯಿತು. ಆದರೆ ಕಾರ್ಡುಗಳಲ್ಲಿ ಎರಡನೆಯ ವಿಧಾನವೊಂದು ಮೊದಲೇ ಇದ್ದುದರಿಂದ, ಜನರು ಮನೆಯ ಗಣಕದಿಂದಲೇ ಹೊಸ ಕೀಲಿ ಪಡೆದರು. ಪ್ಲಾಸ್ಟಿಕ್ಕನ್ನು ಬದಲಿಸದೆ ಲೆಕ್ಕವನ್ನು ಬದಲಿಸುವ ಈ ಸೌಲಭ್ಯವು ಯಾವ ಹೊಸ ಸೂತ್ರಕ್ಕಿಂತಲೂ ಬೆಲೆಯುಳ್ಳದ್ದೆನ್ನಬಹುದು.

ಟೋಕನ್ ಯಾರ ಖಾನೆಯಲ್ಲಿದೆ

ನಿಸ್ಟ್ ಸಂಸ್ಥೆಯು 2024ರ ನವೆಂಬರಿನಲ್ಲಿ ಹೊರಡಿಸಿದ ಕರಡಿನ ಪ್ರಕಾರ, 2048 ಬಿಟ್ ಆರ್‌ಎಸ್‌ಎಯನ್ನು 2030ರ ನಂತರ ಕ್ರಮೇಣ ಕೈಬಿಟ್ಟು, 2035ರ ನಂತರ ಬಳಸಲೇಬಾರದು. ಭಾರತದಲ್ಲಿ ಡಿಜಿಟಲ್ ಸಹಿಯ ಮಾನಕಗಳನ್ನು ನಿರ್ಧರಿಸುವುದು ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರು. ಈ ಹಿಂದೆ 1024 ಬಿಟ್‌ನಿಂದ 2048ಕ್ಕೆ ಏರಿದಾಗ ಆದೇಶ ಅವರಿಂದಲೇ ಬಂದಿತ್ತು. ಅವರ ಅಂಗೀಕಾರವಿಲ್ಲದ ‘ಕ್ವಾಂಟಂ ನಿರೋಧಕ ಟೋಕನ್’ ಎಂಬ ಹೆಸರಿನ ಸರಕನ್ನು ಮಾರಾಟಗಾರರು ತಂದರೆ, ಸರ್ಕಾರಿ ಜಾಲತಾಣಗಳಲ್ಲಿ ಅದರ ಸಹಿ ಸ್ವೀಕೃತವಾಗದು. ಹಣ ಕೊಟ್ಟು ಕೊಳ್ಳುವ ಅವಸರ ಬೇಡ. ಟೋಕನ್ ನವೀಕರಿಸುವಾಗ, ಅದರೊಳಗಿನ ತಂತ್ರಾಂಶವನ್ನು ಮುಂದೆ ನವೀಕರಿಸಲು ಬರುತ್ತದೆಯೇ ಎಂದು ಕೇಳುವುದಕ್ಕೆ ಮಾತ್ರ ಖರ್ಚಿಲ್ಲ.

ದೀರ್ಘಾವಧಿಯ ಕರಾರುಗಳ ವಿಷಯದಲ್ಲಿ ಈಗಲೇ ಮಾಡಬಹುದಾದದ್ದಿದೆ. ಪಾಲುದಾರಿಕೆ, ಸಾಲ, ಹಲವು ವರ್ಷಗಳ ಸರಬರಾಜು ಒಪ್ಪಂದ ಇವುಗಳಿಗೆ ಡಿಜಿಟಲ್ ಸಹಿಯ ಜೊತೆಗೆ ಶಾಯಿಯ ಸಹಿಯುಳ್ಳ ಕಾಗದದ ಪ್ರತಿಯನ್ನೂ ಇಟ್ಟುಕೊಳ್ಳಬೇಕು. ಪರವಾನಗಿ ಪಡೆದ ಪ್ರಾಧಿಕಾರದ ಸಮಯ ಮುದ್ರೆಯನ್ನು ಹಾಕಿಸಿದರೆ, ದಾಖಲೆ ಯಾವ ದಿನ ಅಸ್ತಿತ್ವದಲ್ಲಿತ್ತೆಂಬುದು ನಿಲ್ಲುತ್ತದೆ. ಹೊಸ ವಿಧಾನ ಜಾರಿಗೆ ಬಂದೊಡನೆ, ಹಳೆಯದು ಒಡೆಯುವ ಮೊದಲೇ, ಅದರ ಮೇಲೆ ಹೊಸ ಮುದ್ರೆಯನ್ನು ಹಾಕಿಸಬೇಕಾಗುತ್ತದೆ.

ಇಷ್ಟೆಲ್ಲದರ ನಡುವೆ, ಅನೇಕ ವ್ಯಾಪಾರಿಗಳ ಟೋಕನ್ ಅವರ ಬಳಿ ಇರುವುದೇ ಇಲ್ಲ. ಅದು ತೆರಿಗೆ ಸಲಹೆಗಾರರ ಕಚೇರಿಯ ಡಬ್ಬಿಯಲ್ಲಿ, ಪಿನ್ ಸಂಖ್ಯೆಯ ಚೀಟಿಯನ್ನು ರಬ್ಬರ್ ಬ್ಯಾಂಡಿನಿಂದ ಸುತ್ತಿಸಿಕೊಂಡು, ಹತ್ತಾರು ಟೋಕನ್ನುಗಳ ಜೊತೆ ಬಿದ್ದಿರುತ್ತದೆ. ಆ ಪಿನ್ ತಿಳಿದ ಯಾವ ಗುಮಾಸ್ತನಾದರೂ ಸಹಿ ಹಾಕಬಹುದು. ಅದಕ್ಕೆ ಕ್ವಾಂಟಂ ಗಣಕದ ಅಗತ್ಯವಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 42ನೆಯ ಕಲಮಿನ ಪ್ರಕಾರ ಖಾಸಗಿ ಕೀಲಿಯನ್ನು ತನ್ನ ನಿಯಂತ್ರಣದಲ್ಲಿ ಇಟ್ಟುಕೊಳ್ಳಲು ತಕ್ಕ ಎಚ್ಚರ ವಹಿಸುವುದು ಪ್ರಮಾಣಪತ್ರ ಪಡೆದವರ ಕರ್ತವ್ಯ. ಕೀಲಿ ಅನ್ಯರ ವಶವಾಗಿದೆಯೆಂದು ಪ್ರಾಧಿಕಾರಕ್ಕೆ ತಿಳಿಸುವವರೆಗೆ ಅದರ ಬಾಧ್ಯತೆ ಅವರದೇ. ಮುಂದಿನ ವಿವರಪಟ್ಟಿ ಸಲ್ಲಿಸಲು ಸಲಹೆಗಾರರ ಕಚೇರಿಗೆ ಹೋದಾಗ ಟೋಕನ್ನನ್ನು ಕೇಳಿ ಪಡೆದು, ಅಲ್ಲಿಯೇ ಪಿನ್ ಬದಲಿಸಿಕೊಂಡು ಬರಲು ಐದು ನಿಮಿಷ ಸಾಕಾಗುತ್ತದೆ.