ಹೆಪ್ಪಿನ ಸುತ್ತ ಬರವಿದೆಯೆ?

ಮಿದುಳಿನೊಳಗೆ ಸಣ್ಣ ಧಮನಿಯೊಂದು ಒಡೆದರೆ, ಹೊರಚೆಲ್ಲಿದ ರಕ್ತ ಅಲ್ಲಿಯೇ ಹೆಪ್ಪುಗಟ್ಟಿ ನಿಲ್ಲುತ್ತದೆ. ಬಹುಕಾಲದ ಅಧಿಕ ರಕ್ತದೊತ್ತಡದಿಂದ ಗೋಡೆ ಕೆಟ್ಟ ನಾಳಗಳಲ್ಲಿ ಈ ಅನಾಹುತ ಹೆಚ್ಚು. ಹೆಪ್ಪು ಆವರಿಸಿದ ಭಾಗದ ಕೇಡು ಸ್ಪಷ್ಟವಾದುದೇ. ಆದರೆ ಅದರ ಸುತ್ತಲಿನ, ಇನ್ನೂ ಹಾಳಾಗದ ಊತಕದಲ್ಲಿಯೂ ರಕ್ತದ ಹರಿವು ಕುಗ್ಗಿರುವುದನ್ನು ವೈದ್ಯರು ಅಳೆದು ಕಂಡಿದ್ದಾರೆ. ಇದರ ಅರ್ಥವೇನು? ಚಿಕಿತ್ಸೆಯ ಕ್ರಮವೇ ಈ ಪ್ರಶ್ನೆಯ ಉತ್ತರವನ್ನು ಅವಲಂಬಿಸಿದೆ. ಉತ್ತರಕ್ಕೆ ದಾರಿ ತೋರಿದ್ದು ಒಂದು ಸರಳವಾದ ಲೆಕ್ಕವೆಂಬುದು ಭೌತಶಾಸ್ತ್ರದ ಪಾಠ ಹೇಳುವ ನಮಗೆ ಸಂತೋಷದ ಸಂಗತಿ.

ದೇಹದ ತೂಕದಲ್ಲಿ ಮಿದುಳಿನದು ನೂರಕ್ಕೆ ಸುಮಾರು 2 ಪಾಲು. ವಿಶ್ರಾಂತಿಯಲ್ಲಿರುವ ದೇಹ ಬಳಸುವ ಆಮ್ಲಜನಕದಲ್ಲಿ ಮಾತ್ರ ಅದರದು ನೂರಕ್ಕೆ 20 ಪಾಲು! 100 ಗ್ರಾಂ ಮಿದುಳಿಗೆ ನಿಮಿಷಕ್ಕೆ ಸುಮಾರು 50 ಘನ ಸೆಂಟಿಮೀಟರು ರಕ್ತ ಬೇಕು. ಇದು 20ರ ಕೆಳಗಿಳಿದರೆ ನರಕೋಶಗಳ ವಿದ್ಯುದ್ವ್ಯಾಪಾರ ಕೆಡತೊಡಗುತ್ತದೆ. 10ರ ಸುಮಾರಿಗೆ ಇಳಿದು ಹಾಗೆಯೇ ಉಳಿದರೆ ಕೋಶಗಳು ಸಾಯುತ್ತವೆ.

ತಲೆಬುರುಡೆ ಹಿಗ್ಗದ ಪೆಟ್ಟಿಗೆ. ಅದರೊಳಗೆ ಹೊಸದೊಂದು ವಸ್ತು ಸೇರಿದರೆ ಇದ್ದುದೇನಾದರೂ ಹೊರಡಬೇಕು, ಇಲ್ಲವೆ ಒತ್ತಡ ಏರಬೇಕು. ಸ್ಕಾಟ್ಲೆಂಡಿನ ಮನ್ರೋ 1783ರಲ್ಲಿಯೂ ಕೆಲ್ಲಿ 1824ರಲ್ಲಿಯೂ ಈ ತತ್ತ್ವಕ್ಕೆ ಅಡಿಪಾಯ ಹಾಕಿದರು. ಮಿದುಳಿಗೆ ರಕ್ತವನ್ನು ದೂಡುವ ಬಲವೆಂದರೆ ಧಮನಿಗಳ ಸರಾಸರಿ ಒತ್ತಡದಿಂದ ಬುರುಡೆಯೊಳಗಿನ ಒತ್ತಡವನ್ನು ಕಳೆದರೆ ಉಳಿಯುವುದು. ಮೊದಲನೆಯದು ಪಾದರಸದ 95 ಮಿಲಿಮೀಟರು, ಎರಡನೆಯದು 10 ಎಂದಿಟ್ಟುಕೊಂಡರೆ ಉಳಿಯುವುದು 85. ಬುರುಡೆಯೊಳಗಿನದು 35ಕ್ಕೇರಿದರೆ ಉಳಿಯುವುದು 60 ಮಾತ್ರ. ಇದಲ್ಲದೆ ಹೆಪ್ಪು ತನ್ನ ನೆರೆಯ ಕಿರುನಾಳಗಳನ್ನು ಅದುಮುತ್ತದೆ. ಪ್ವಾಸೇಯನ ನಿಯಮದಂತೆ ನಾಳದ ತ್ರಿಜ್ಯ ಅರ್ಧವಾದರೆ ಹರಿವು ಹದಿನಾರನೆಯ ಒಂದು ಪಾಲಿಗೆ ಇಳಿಯುತ್ತದೆ. (ರಕ್ತ ನೀರಿನಂತಹ ಸರಳ ದ್ರವವಲ್ಲವಾದುದರಿಂದ ಇದು ಸ್ಥೂಲವಾದ ಲೆಕ್ಕವೆನ್ನಿ.)

ಇಲ್ಲಿಯೇ ವೈದ್ಯನ ಇಕ್ಕಟ್ಟು. ರಕ್ತದೊತ್ತಡವನ್ನು ಏರಿದಂತೆಯೇ ಬಿಟ್ಟರೆ ಒಡೆದ ನಾಳದಿಂದ ಇನ್ನಷ್ಟು ರಕ್ತ ಒಸರಿ ಹೆಪ್ಪು ಬೆಳೆದೀತು. ಇಳಿಸಿದರೆ, ಮೊದಲೇ ಬರಪೀಡಿತವಾದ ಸುತ್ತಲಿನ ಊತಕ ಸತ್ತೀತು. ಅದು ನಿಜವಾಗಿಯೂ ಬರಪೀಡಿತವೆ?

ಕಾಲುವೆಯಲ್ಲಿ ನೀರು ಕಡಮೆಯಾಗಿದೆಯೆಂದು ಭಾವಿಸೋಣ. ಮೇಲೆ ತೂಬು ಕಟ್ಟಿಕೊಂಡಿರಬಹುದು; ಅಥವಾ ಗದ್ದೆಗಳಿಗೆ ನೀರು ಬೇಡವೆಂದು ತೂಬನ್ನು ಇಳಿಸಿರಬಹುದು. ತೂಬಿನ ಬಳಿ ಹರಿವನ್ನು ಮಾತ್ರ ಅಳೆದವನಿಗೆ ಎರಡೂ ಒಂದೇ. ಕಾಲುವೆಯ ತುದಿಗೆ ಹೋಗಿ ನೋಡಬೇಕು. ಬಾಯಾರಿದ ಗದ್ದೆಗಳು ಬಂದುದನ್ನೆಲ್ಲ ಹೀರಿ ತುದಿಯನ್ನು ಒಣಗಿಸಿರುತ್ತವೆ. ನೀರು ಬೇಡದ ಕಡೆ ತುದಿಯಲ್ಲಿ ನೀರು ಉಳಿದಿರುತ್ತದೆ. ಮಿದುಳಿನಲ್ಲಿ ಈ ತುದಿಯೇ ಅಭಿಧಮನಿ. ಆರೋಗ್ಯವಂತ ಮಿದುಳು ತನಗೆ ಬಂದ ಆಮ್ಲಜನಕದಲ್ಲಿ ನೂರಕ್ಕೆ ಸುಮಾರು 40 ಪಾಲನ್ನು ಹೀರುತ್ತದೆ. ಹರಿವು ಸಾಲದೆ ಹಸಿದಾಗ ಈ ಪಾಲು ಏರಲೇಬೇಕು.

ಅಮೆರಿಕದ ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಸಂಶೋಧಕರು ಇದನ್ನೇ ಅಳೆದು 2001ರಲ್ಲಿ ಪ್ರಕಟಿಸಿದರು. 15 ರಾಶಿಸಂಖ್ಯೆಯ ವಿಕಿರಣಶೀಲ ಆಮ್ಲಜನಕವನ್ನು ರೋಗಿಗೆ ಕೊಟ್ಟು, ಅದು ಹೊಮ್ಮಿಸುವ ಪಾಸಿಟ್ರಾನುಗಳ ಮೂಲಕ ಅದರ ಜಾಡನ್ನು ಹಿಡಿಯುವುದು ಇಲ್ಲಿನ ಉಪಾಯ. ಅದರ ಅರ್ಧಾಯು ಕೇವಲ ಎರಡು ನಿಮಿಷ; ಆದುದರಿಂದ ಅದನ್ನು ತಯಾರಿಸುವ ಸೈಕ್ಲೋಟ್ರಾನು ಹತ್ತಿರದಲ್ಲಿಯೇ ಇರಬೇಕು. ರಕ್ತಸ್ರಾವವಾದ ಮೊದಲ ದಿನದೊಳಗೆ 19 ರೋಗಿಗಳನ್ನು ಹೀಗೆ ಪರೀಕ್ಷಿಸಲಾಯಿತು. ಹೆಪ್ಪಿನ ಸುತ್ತ ಹರಿವು ಕುಗ್ಗಿತ್ತು, ನಿಜ. ಆದರೆ ಹೀರುವ ಪಾಲು ಏರಿರಲಿಲ್ಲ, ಬದಲಾಗಿ ಇಳಿದಿತ್ತು! ಎಂದರೆ ಹರಿವಿಗಿಂತಲೂ ಹೆಚ್ಚಾಗಿ ಬೇಡಿಕೆಯೇ ಕುಗ್ಗಿತ್ತು. ಹೆಪ್ಪಿನ ನೆರೆಯ ಕೋಶಗಳಲ್ಲಿ ಆಮ್ಲಜನಕವನ್ನು ಬಳಸುವ ಮೈಟೊಕಾಂಡ್ರಿಯಗಳೇ ಕೆಟ್ಟಿರುವುದು ಮುಂದೆ ಕಂಡುಬಂದಿತು. ಹಸಿವಿಲ್ಲವೆಂದ ಮಾತ್ರಕ್ಕೆ ಆ ಊತಕ ಸ್ವಸ್ಥವೆಂದು ತಿಳಿಯಬಾರದು. ಅದರ ರೋಗ ಬೇರೆ, ಅಷ್ಟೆ.

ಹಾಗಿದ್ದರೆ ಒತ್ತಡವನ್ನು ಇಳಿಸಬಹುದೆ? ಕೆನಡದಲ್ಲಿ 75 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮೇಲಿನ ಒತ್ತಡವನ್ನು ಕೆಲವರಲ್ಲಿ 150ರ ಕೆಳಗೂ ಉಳಿದವರಲ್ಲಿ 180ರ ಕೆಳಗೂ ಇಡುವ ಗುರಿಯಿತ್ತು. ಹೆಪ್ಪಿನ ಸುತ್ತಲಿನ ಹರಿವು ಎರಡು ಗುಂಪುಗಳಲ್ಲಿಯೂ ಹೆಚ್ಚುಕಡಮೆ ಒಂದೇ ಆಗಿತ್ತು. ಆದರೆ ಇಳಿಸಿದಷ್ಟೂ ಒಳ್ಳೆಯದೆಂದಲ್ಲ. 1000 ರೋಗಿಗಳನ್ನು ಒಳಗೊಂಡು 2016ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ ಒತ್ತಡವನ್ನು 110ರಿಂದ 139ರ ನಡುವೆ ತಂದಾಗ ಹೆಚ್ಚಿನ ಲಾಭ ಕಾಣಲಿಲ್ಲ. ಮೂತ್ರಪಿಂಡಗಳ ತೊಂದರೆ ಮಾತ್ರ ಹೆಚ್ಚಿತು. ಹೆಪ್ಪು ಬಹು ದೊಡ್ಡದಾಗಿ ಬುರುಡೆಯೊಳಗಿನ ಒತ್ತಡ ಏರಿದವರಲ್ಲಿ ಮೇಲೆ ಹೇಳಿದ ಕಳೆಯುವ ಲೆಕ್ಕ ಮತ್ತೆ ಮುಂದೆ ಬಂದು ನಿಲ್ಲುತ್ತದೆ. ಅಂತಹವರಲ್ಲಿ ವೈದ್ಯರು ಎರಡು ಒತ್ತಡಗಳನ್ನೂ ಒಟ್ಟಿಗೆ ಗಮನಿಸುತ್ತ ಸಾಗಬೇಕಾಗುತ್ತದೆ.