ಗಾರೆ ಬೀಳುವ ಮೊದಲು

ಮೈಸೂರಿನ ಹೊರವಲಯದ ಬಡಾವಣೆಯೊಂದರಲ್ಲಿ ಮನೆ ಏಳುತ್ತಿದೆ. ಗೋಡೆಗೆ ಇನ್ನೂ ಗಾರೆ ಬಿದ್ದಿಲ್ಲ. ಕಟರ್ ಕೊರೆದ ಇಟ್ಟಿಗೆಯ ಕೆಂಪು ಪುಡಿ ಕೋಣೆಯ ತುಂಬ ಹರಡಿದೆ. ತಾರಸಿಯಿಂದ ಇಳಿದ ಪೈಪುಗಳು ನೆಲದಿಂದ ನಾಲ್ಕಡಿ ಎತ್ತರದ ಗೂಡಿಗೆ ಬಂದು ಸೇರಿವೆ. ವೈರಿಂಗ್ ಕೆಲಸದವನು ತಗಡಿನ ಬಾಕ್ಸನ್ನು ಗೂಡಿಗಿಟ್ಟು, ಮಟ್ಟ ಹಿಡಿದು ನೋಡುತ್ತಿದ್ದಾನೆ.

‘ಎಂಟು ಮಾಡ್ಯೂಲ್ ಸಾಕಲ್ವಾ?’ ಮನೆಯ ಯಜಮಾನರ ಪ್ರಶ್ನೆ.

ಸ್ವಿಚ್ಚು ನಾಲ್ಕು, ರೆಗ್ಯುಲೇಟರಿಗೆ ಎರಡು, ಸಾಕೆಟ್ಟಿಗೆ ಎರಡು. ಎಂಟಕ್ಕೆ ಎಂಟು ಸರಿಹೋಯಿತು. ಆದರೆ ಮಾಡ್ಯೂಲ್ ಲೆಕ್ಕ ಹೇಳುವುದು ಬಾಕ್ಸಿನ ಮುಖದ ಅಗಲವನ್ನು ಮಾತ್ರ, ಹೊಟ್ಟೆಯ ಅಳತೆಯನ್ನಲ್ಲ. ಕೆಲಸದವನು ಪೈಪಿನ ಬಾಯಿ ತೋರಿಸಿ ಬೆರಳು ಮಡಿಸುತ್ತಾನೆ. ಬರುವ ಫೇಸ್, ನ್ಯೂಟ್ರಲ್, ಅರ್ತ್ ಮೂರು. ಎರಡು ದೀಪ, ಒಂದು ಫ್ಯಾನಿಗೆ ಹೋಗುವ ಫೇಸ್ ಮೂರು, ನ್ಯೂಟ್ರಲ್ ಮೂರು. ಫ್ಯಾನಿನ ಅರ್ತ್ ಒಂದು. ಮುಂದಿನ ಬೋರ್ಡಿಗೆ ಮತ್ತೆ ಮೂರು. ಒಟ್ಟು 13 ತಂತಿ; ಸ್ವಿಚ್ಚಿನಿಂದ ಸ್ವಿಚ್ಚಿಗೆ ಹಾಕುವ ಲೂಪ್ ಬೇರೆ. ಪ್ರತಿ ತಂತಿಯನ್ನೂ ಒಂದು ಗೇಣು ಹೊರಗೆ ಬಿಟ್ಟಿರಬೇಕು, ಇಲ್ಲದಿದ್ದರೆ ನಾಳೆ ಸ್ವಿಚ್ ಬದಲಿಸಲು ಕೈ ಆಡದು. ಅಷ್ಟನ್ನೂ ಮಡಿಸಿಡಬೇಕಾದ ಆಳ ಸುಮಾರು ಎರಡಿಂಚು. ಅದರಲ್ಲೂ ರೆಗ್ಯುಲೇಟರಿನ ಬೆನ್ನು ಒಳಕ್ಕೆ ಚಾಚಿರುತ್ತದೆ.

ಅಮೆರಿಕದ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್ ಈ ಹೊಟ್ಟೆಯನ್ನೇ ಅಳೆಯುತ್ತದೆ. 14 ಗೇಜಿನ ತಂತಿ ಒಂದಕ್ಕೆ 2 ಘನ ಇಂಚು, 12 ಗೇಜಿಗೆ 2.25, ಸ್ವಿಚ್ಚು ಒಂದಾದರೆ ಎರಡು ತಂತಿಯ ಜಾಗ. ನಮ್ಮ ಸೈಟುಗಳಲ್ಲೂ ಹೀಗೆ ಲೆಕ್ಕ ಹಾಕುವ ಅಭ್ಯಾಸ ಬರಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ.

ಇಕ್ಕಟ್ಟಾದರೆ ಪ್ಲೇಟನ್ನು ಅದುಮಿ ಸ್ಕ್ರೂ ಬಿಗಿಯುತ್ತಾರೆ. ಬಿಗಿಯುವಾಗ ಎಲ್ಲೋ ಒಂದು ತಂತಿಯ ಸಿಪ್ಪೆ ತಗಡಿನ ಅಂಚಿಗೆ ಸಿಕ್ಕಿ ಸೀಳುತ್ತದೆ, ಇಲ್ಲವೇ ಟರ್ಮಿನಲ್ಲಿನ ಹಿಡಿತ ಸಡಿಲವಾಗುತ್ತದೆ. ಗೀಸರಿನ ಬಾಕ್ಸಿನಲ್ಲಿ ಇದರ ಅಪಾಯ ಹೆಚ್ಚು, ಏಕೆಂದರೆ 4 ಚದರ ಮಿಲಿಮೀಟರಿನ ತಂತಿ ಬಲು ಬಿರುಸು, ಹೇಳಿದಂತೆ ಬಾಗದು. 3000 ವ್ಯಾಟಿನ ಗೀಸರ್ 230 ವೋಲ್ಟಿನಲ್ಲಿ 13 ಆಂಪಿಯರ್ ಎಳೆಯುತ್ತದೆ. ಸಡಿಲ ಜಾಯಿಂಟಿನಲ್ಲಿ ಓಮಿನ ಹತ್ತನೇ ಒಂದು ಪಾಲು ತಡೆ ಇದ್ದರೂ ಸಾಕು, ಆ ಒಂದೇ ಬಿಂದುವಿನಲ್ಲಿ ಸುಮಾರು 17 ವ್ಯಾಟ್ ಶಾಖ ಹುಟ್ಟುತ್ತದೆ. ಮನೆ ತಂತಿಯ ಸಾಮಾನ್ಯ ಪಿವಿಸಿ ಹೊದಿಕೆ ತಾಳುವುದು 70 ಡಿಗ್ರಿ ಸೆಲ್ಸಿಯಸ್‌ವರೆಗೆ. ಕಂದು ಬಣ್ಣಕ್ಕೆ ತಿರುಗಿ, ಸುಟ್ಟ ವಾಸನೆ ಬೀರುವ ಸಾಕೆಟ್ಟುಗಳನ್ನು ಎಷ್ಟೋ ಮನೆಗಳಲ್ಲಿ ಕಾಣುತ್ತೇವೆ. ಗೀಸರಿಗೆ ಮೂರು ಮಾಡ್ಯೂಲಿನ ಜಾಗಕ್ಕೆ ನಾಲ್ಕರ ಬಾಕ್ಸ್ ಹಾಕಿಸಿಬಿಡಿ.

ಯಜಮಾನರು ಹನ್ನೆರಡು ಮಾಡ್ಯೂಲಿಗೆ ಒಪ್ಪಿದ್ದಾರೆ. ಗೂಡು ಅಗಲವಾಗುತ್ತದೆ, ಉಳಿಯ ಏಟಿಗೆ ಇಟ್ಟಿಗೆಯ ಚೂರು ಸಿಡಿಯುತ್ತದೆ. ಬಾಕ್ಸಿನ ಬಾಯಿ ಮುಂದೆ ಬೀಳುವ ಗಾರೆಯ ಮಟ್ಟಕ್ಕೆ ಬರುವಂತೆ ಕೂರಿಸಿ, ಒಳಗೆ ಹಳೇ ಪೇಪರ್ ತುರುಕುತ್ತಾನೆ. ತಗಡಿಗೆ ಅರ್ತ್ ಕಟ್ಟುವ ಸ್ಕ್ರೂ ಇದೆಯೇ ಎಂದೂ ನೋಡುತ್ತಾನೆ. ಮಿಕ್ಕ ನಾಲ್ಕು ಮಾಡ್ಯೂಲಿಗೆ ಬ್ಲ್ಯಾಂಕ್ ಪ್ಲೇಟು. ಮುಂದೆ ಇನ್ನೊಂದು ಸಾಕೆಟ್ ಬೇಕೆನಿಸಿದಾಗ ಗೋಡೆ ಒಡೆಯಬೇಕಿಲ್ಲ.